ಮೆಷಿನ್ ಮುಂದೆ ಕೂತವರಿಗೆ ಮಾತು ತಲುಪಿಸುವುದು ಹೇಗೆ? ಗಾರ್ಮೆಂಟ್ಸ್ ಕಾರ್ಖಾನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹದಿನಾರು ವರ್ಷದಿಂದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ವೆಲ್ಫೇರ್ ಆಫೀಸರ್ ಆಗಿದ್ದೇನೆ. ಮೊದಲು ಪೀಣ್ಯ, ಆಮೇಲೆ ಬೊಮ್ಮನಹಳ್ಳಿ, ಈಗ ಮಂಡ್ಯ ಜಿಲ್ಲೆಯ ಒಂದು ಯೂನಿಟ್. ಹೊಸದಾಗಿ ಎಚ್‌ಆರ್‌ಗೆ ಸೇರಿದವರು, ಸೂಪರ್‌ವೈಸರ್ ಆದವರು, ಚಿಕ್ಕ ಯೂನಿಟ್ ಇಟ್ಟುಕೊಂಡವರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಮೇಜಿಲ್ಲ, ಕಂಪ್ಯೂಟರ್ ಇಲ್ಲ, ಆಫೀಸಿನ ಇಮೇಲ್ ಇಲ್ಲ. ದಿನಪೂರ್ತಿ ಹೊಲಿಗೆ ಮೆಷಿನ್ ಮುಂದೆ ಕೂರುವ, ಇಲ್ಲವೇ ನಿಂತು ಚೆಕಿಂಗ್, ಐರನಿಂಗ್, ಪ್ಯಾಕಿಂಗ್ ಮಾಡುವ ಹೆಣ್ಣುಮಕ್ಕಳ ಜೊತೆ ಮಾತಾಡುವುದು ಹೇಗೆ ಅನ್ನುವುದರ ಬಗ್ಗೆ ಇದು.

ನೋಟಿಸ್ ಬೋರ್ಡಿಗೆ ಹಾಕಿದ್ದೇವಲ್ಲ, ಅಷ್ಟು ಸಾಲದಾ?

ಸಾಲದು. ಒಂದು ದಿನ ಬೋರ್ಡಿನ ಪಕ್ಕ ನಿಂತು ನೋಡಿ. ಬೆಳಗ್ಗೆ ಪಂಚಿಂಗ್‌ಗೆ ಸಾಲು ಇರುತ್ತದೆ. ಒಂದು ನಿಮಿಷ ತಡವಾದರೆ ದುಡ್ಡು ಹೋಗುತ್ತದೆ ಅಂತ ಎಲ್ಲರಿಗೂ ಆತುರ. ಮಧ್ಯಾಹ್ನ ಅರ್ಧ ಗಂಟೆ ಊಟ. ಅದರಲ್ಲೇ ಟಾಯ್ಲೆಟ್ ಸಾಲು, ಕೈ ತೊಳೆಯುವ ಸಾಲು, ಮಗು ಕ್ರೆಶ್‌ನಲ್ಲಿದ್ದರೆ ಅದಕ್ಕೆ ತುತ್ತು ತಿನ್ನಿಸಿ ಬರಬೇಕು. ಸಂಜೆ ಬಸ್ಸು ತಪ್ಪಿದರೆ ಊರಿಗೆ ಹೋಗುವಷ್ಟರಲ್ಲಿ ಕತ್ತಲು. ಅವಳು ಓದುವುದು ಯಾವಾಗ ಹೇಳಿ? ಬಹಳ ಜನಕ್ಕೆ ಓದಲು ಚೆನ್ನಾಗಿಯೇ ಬರುತ್ತದೆ. ಇಲ್ಲದೆ ಇರುವುದು ಹೊತ್ತು.

ಇದನ್ನ ನಾನು ಕಲಿತದ್ದು ಒಂದು ತಪ್ಪಿನಿಂದ. ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಕಾರ್ಡಿಗೆ ಮನೆಯವರ ಹೆಸರು ಸೇರಿಸಿ ಅಂತ ನೋಟಿಸ್ ಹಾಕಿದ್ದೆ. ಎರಡು ತಿಂಗಳು ಅದು ಬೋರ್ಡಿನಲ್ಲೇ ಇತ್ತು. ಫಿನಿಶಿಂಗ್‌ನ ಒಬ್ಬ ಅಕ್ಕನ ಗಂಡನಿಗೆ ಆಪರೇಷನ್ ಅಂತಾಯಿತು. ಆಸ್ಪತ್ರೆಯಲ್ಲಿ, ಕಾರ್ಡಿನಲ್ಲಿ ಇವರ ಹೆಸರೇ ಇಲ್ಲ ಅಂದರು. ಅವಳು ನನ್ನ ಹತ್ತಿರ ಬಂದು ಅಳಲಿಲ್ಲ, ಬೈಯಲೂ ಇಲ್ಲ. "ಮೇಡಂ, ನೀವು ಒಂದು ಮಾತು ಬಾಯಲ್ಲಿ ಹೇಳಿದ್ದಿದ್ರೆ ನಾನು ಅವತ್ತೇ ತರ್ತಿದ್ದೆ" ಅಂದಳು. ಮೂರು ದಿನ ಓಡಾಡಿ ಹೆಸರು ಸೇರಿಸಿದೆವು. ಆ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಕಾನೂನಿಗೆ ಬೋರ್ಡ್ ಬೇಕೇ ಬೇಕು. ನೋಟಿಸುಗಳು ಇಂಗ್ಲಿಷ್ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ, ಮುಖ್ಯ ಬಾಗಿಲ ಹತ್ತಿರ, ಕಣ್ಣಿಗೆ ಕಾಣುವಂತೆ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಹಾಕಿ, ತಪ್ಪದೆ ಹಾಕಿ. ಇನ್ನೊಂದು ಪ್ರತಿಯನ್ನ ಟಾಯ್ಲೆಟ್ ಸಾಲಿನ ಗೋಡೆಗೂ ಕುಡಿಯುವ ನೀರಿನ ಹತ್ತಿರವೂ ಅಂಟಿಸಿ. ಜನ ಸುಮ್ನೆ ನಿಂತಿರುವ ಜಾಗ ಅಂದರೆ ಅವೆರಡೇ. ಆದರೆ ಹಾಕಿದ ಮಾತ್ರಕ್ಕೆ ಹೇಳಿದಂತಾಯಿತು ಅಂದುಕೊಳ್ಳಬೇಡಿ.

ಹಾಗಾದರೆ ಯಾವಾಗ ಹೇಳಬೇಕು?

ಪಂಚ್ ಆದ ಮೇಲೆ, ಮೆಷಿನ್ ಆನ್ ಆಗುವ ಮುಂಚೆ. ಐದು ನಿಮಿಷ ಸಾಕು. ಪಂಚ್‌ಗೆ ಮೊದಲೇ ಕರೆದು ಹೇಳಿದರೆ ಅದು ಅವಳ ಹೊತ್ತು, ಊಟದಲ್ಲಿ ಹೇಳಿದರೆ ಅವಳ ತುತ್ತು. ಕಂಪನಿಯ ಮಾತನ್ನ ಕಂಪನಿಯ ಹೊತ್ತಲ್ಲೇ ಆಡಬೇಕು. ಇದೊಂದರಲ್ಲಿ ನಾನು ಯಾರ ಜೊತೆಗೂ ರಾಜಿ ಆಗಿಲ್ಲ.

ನಮ್ಮಲ್ಲಿ ನಡೆಯುವುದು ಹೀಗೆ. ಪ್ರತಿ ಲೈನಿನ, ಅಂದರೆ ಮೆಷಿನ್ ಸಾಲಿನ, ಕೊನೆಯಲ್ಲಿ, ಚೆಕಿಂಗ್ ಟೇಬಲ್ ಹತ್ತಿರ ಎಲ್ಲರೂ ಸೇರುತ್ತಾರೆ. ಸೂಪರ್‌ವೈಸರ್ ಮಾತಾಡುತ್ತಾರೆ. ಒಂದು ದಿನಕ್ಕೆ ಒಂದೇ ವಿಷಯ, ಜಾಸ್ತಿ ಅಂದರೆ ಎರಡು. ಮುಗಿದ ಮೇಲೆ ಯಾರಾದರೂ ಒಬ್ಬರನ್ನ ಕೇಳುತ್ತಾರೆ: "ಅಕ್ಕಾ, ಈಗ ನಾನು ಹೇಳಿದ್ದನ್ನ ಇವತ್ತು ಬರದೇ ಇರೋರಿಗೆ ನೀವು ಹೇಗೆ ಹೇಳ್ತೀರಾ?" ಅವರು ತಮ್ಮ ಮಾತಲ್ಲಿ ಹೇಳಬೇಕು. ಸರಿ ಬಂದರೆ ಮೆಷಿನ್ ಆನ್. ತಪ್ಪಿ ಬಂದರೆ ತಪ್ಪು ಸೂಪರ್‌ವೈಸರ್‌ದು, ಅವರು ಬೇರೆ ಥರ ಇನ್ನೊಂದು ಸಲ ಹೇಳಬೇಕು. ಇದು ಪರೀಕ್ಷೆ ಆಗಬಾರದು, ಯಾರ ಮುಖವೂ ಸಣ್ಣಗಾಗಬಾರದು. ಹಾಗಾಗಿ ಶುರುವಿನಲ್ಲಿ ಧೈರ್ಯ ಇರುವವರನ್ನೇ ಕೇಳಿ. ತಿಂಗಳಾದ ಮೇಲೆ ಮೂಲೆಯಲ್ಲಿ ನಿಂತ ಹೆಲ್ಪರ್ ಹುಡುಗಿಯೂ ಬಾಯಿ ಬಿಡುತ್ತಾಳೆ.

ವಾಪಸ್ ಹೇಳಿಸುವ ಈ ರೂಢಿಯೊಂದು ಇದ್ದರೆ ಉಳಿದದ್ದೆಲ್ಲ ಆಮೇಲೆ ಬಂದರೂ ನಡೆಯುತ್ತದೆ.

ಅರವತ್ತು ಜನರ ಐದು ನಿಮಿಷ ಅಂದರೆ ಐದು ಗಂಟೆ ಪ್ರೊಡಕ್ಷನ್ ಹೋಯಿತು ಅಂತಾರೆ ಪ್ರೊಡಕ್ಷನ್ ಮ್ಯಾನೇಜರ್. ಏನು ಹೇಳಲಿ?

ಲೆಕ್ಕ ಸರಿಯಾಗಿದೆ ಅಂತ ಒಪ್ಪಿಕೊಳ್ಳಿ. ಆಮೇಲೆ ಆಲ್ಟರೇಷನ್ ರಿಜಿಸ್ಟರ್, ಅಂದರೆ ತಪ್ಪಾಗಿ ವಾಪಸ್ ಬಂದ ಪೀಸ್‌ಗಳ ಪುಸ್ತಕ, ತೆಗೆದು ಮುಂದಿಡಿ. ಹೊಸ ಸ್ಟೈಲ್ ಬಂದಾಗ ಕಾಲರ್ ತುದಿಯಿಂದ ಹೊಲಿಗೆ ಎಷ್ಟು ಒಳಗಿರಬೇಕು ಅನ್ನುವುದನ್ನ ಹೇಳದೆ ಲೈನ್ ಬಿಟ್ಟರೆ, ಮಧ್ಯಾಹ್ನದ ಹೊತ್ತಿಗೆ ಬಂಡಲ್ ಬಂಡಲ್ ವಾಪಸ್ ಬರುತ್ತವೆ. ಬಿಚ್ಚುವುದಕ್ಕೆ ಹೊಲಿಯುವುದಕ್ಕಿಂತ ಜಾಸ್ತಿ ಹೊತ್ತು ಬೇಕು. ಬಿಚ್ಚಿದ ಜಾಗದಲ್ಲಿ ಸೂಜಿ ತೂತು ಉಳಿದರೆ ಆ ಪೀಸ್ ರಿಜೆಕ್ಟ್. ಮೊದಲು ಎರಡು ಲೈನಿನಲ್ಲಿ ಒಂದು ತಿಂಗಳು ಮಾಡಿ ನೋಡೋಣ ಅನ್ನಿ. ಯಾವ ಮ್ಯಾನೇಜರೂ ತಿಂಗಳಿಗೆ ಬೇಡ ಅನ್ನುವುದಿಲ್ಲ.

ನೋಟಿಸ್ ಕನ್ನಡದಲ್ಲೇ ಬರೆಯುತ್ತೇವೆ. ಆದರೂ ಯಾಕೆ ಅರ್ಥ ಆಗಲ್ಲ?

ಅದು ಕಚೇರಿಯ ಕನ್ನಡ ಆಗಿರುತ್ತದೆ. ನಾವು ಒಂದು ಕಾಲದಲ್ಲಿ ಹಾಕಿದ್ದ ನೋಟಿಸ್ ಇದು:

"ಎಲ್ಲಾ ಕಾರ್ಮಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಭವಿಷ್ಯ ನಿಧಿ ಖಾತೆಗೆ ಸಂಬಂಧಿಸಿದ ನಾಮನಿರ್ದೇಶನ ಪ್ರಕ್ರಿಯೆಯನ್ನು ದಿನಾಂಕ 25ರೊಳಗಾಗಿ ಕಡ್ಡಾಯವಾಗಿ ಪೂರ್ಣಗೊಳಿಸತಕ್ಕದ್ದು. ತಪ್ಪಿದಲ್ಲಿ ಆಡಳಿತ ವರ್ಗವು ಜವಾಬ್ದಾರಿಯಾಗಿರುವುದಿಲ್ಲ."

ಅದೇ ವಿಷಯ ಆಮೇಲೆ ಹೀಗೆ ಬರೆದೆವು:

"ನಮಗೆ ಏನಾದರೂ ಆದರೆ ನಮ್ಮ ಪಿಎಫ್ ದುಡ್ಡು ಯಾರಿಗೆ ಸೇರಬೇಕು? ಅವರ ಹೆಸರು ಬರೆಸೋಣ. ನಿಮ್ಮ ಆಧಾರ್, ಅವರ ಆಧಾರ್, ಅವರ ಒಂದು ಫೋಟೊ ತನ್ನಿ. ಸೋಮವಾರದಿಂದ ಶುಕ್ರವಾರದವರೆಗೆ ನಿಮ್ಮ ಲೈನಿಗೇ ಲ್ಯಾಪ್‌ಟಾಪ್ ತರುತ್ತೇವೆ. ಐದು ನಿಮಿಷದ ಕೆಲಸ."

ಮೊದಲನೆಯದು ಕಂಪನಿಯನ್ನ ಕಾಪಾಡಿಕೊಳ್ಳಲು ಬರೆದದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಎರಡನೆಯದನ್ನ ಓದಿದ ದಿನವೇ ಒಬ್ಬರು ಮಗಳ ಫೋಟೊ ಹಿಡಿದು ಬಂದರು. ಕೆಲಸದಲ್ಲಿದ್ದಾಗ ತೀರಿಕೊಂಡವರ ಮನೆಯವರಿಗೆ ಪಿಎಫ್ ಜೊತೆಗಿನ ವಿಮೆಯಿಂದ 7 ಲಕ್ಷ ರೂಪಾಯಿವರೆಗೆ ಬರಬಹುದು. ನಾಮಿನಿ ಹೆಸರಿಲ್ಲದೆ ಆ ದುಡ್ಡಿಗೆ ಮನೆಯವರು ಅಲೆಯುವುದನ್ನ ನೋಡಿದವರಿಗೆ ಗೊತ್ತು, ಈ ಒಂದು ನೋಟಿಸ್‌ನ ಬೆಲೆ ಏನು ಅಂತ.

ಬರೆದ ಮೇಲೆ ಜೋರಾಗಿ ಓದಿ. ಕ್ಯಾಂಟೀನ್‌ನಲ್ಲಿ ಯಾರಿಗಾದರೂ ಹಾಗೇ ಹೇಳಲು ನಾಲಿಗೆ ತೊಡರಿದರೆ ತಿದ್ದಿ. ಪಿಎಫ್, ಓಟಿ, ಟಾರ್ಗೆಟ್, ಪೇಸ್ಲಿಪ್ ಎಲ್ಲರ ಬಾಯಲ್ಲೂ ಇರುವ ಮಾತುಗಳು, ಅವನ್ನ ಹಾಗೇ ಬಿಡಿ. ‘ಅಧಿಕಾವಧಿ ಭತ್ಯೆ’ ಅಂತ ಬರೆದರೆ ಅದು ಓಟಿ ದುಡ್ಡು ಅಂತ ಯಾರಿಗೂ ಹೊಳೆಯುವುದಿಲ್ಲ.

ನಮ್ಮಲ್ಲಿ ರಾಯಚೂರು, ಯಾದಗಿರಿ ಕಡೆಯವರು, ಒಡಿಶಾ, ಜಾರ್ಖಂಡ್ ಹುಡುಗಿಯರು ಎಲ್ಲರೂ ಇದ್ದಾರೆ. ಯಾವ ಭಾಷೆ ಇಟ್ಟುಕೊಳ್ಳಬೇಕು?

ಮೊದಲು ನಮ್ಮ ಕನ್ನಡದ ಒಳಗೇ ನೋಡೋಣ. ಮಂಡ್ಯದವರಿಗೆ ಸಂಬಳ, ಉತ್ತರ ಕರ್ನಾಟಕದವರಿಗೆ ಪಗಾರ. ಇಲ್ಲಿ ರಜೆ, ಅಲ್ಲಿ ಸೂಟಿ. ಎರಡೂ ಮಾತು ಹಾಕಿದರೆ ಏನೂ ಖರ್ಚಿಲ್ಲ. "ಈ ಸಲ ಪಗಾರ 7ನೇ ತಾರೀಖಿಗೆ" ಅಂತ ಒಂದು ಸಲ ಮೈಕಿನಲ್ಲಿ ಅಂದಾಗ ಯಾದಗಿರಿಯ ಹುಡುಗಿಯರ ಸಾಲೇ ತಿರುಗಿ ನೋಡಿ ನಕ್ಕಿತು. ಆಮೇಲೆ ಅವರೇ ಬಂದು ಮಾತಾಡಿಸಲು ಶುರು ಮಾಡಿದರು.

ಹೊರರಾಜ್ಯದವರ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು, ಹಿಂದಿಯಲ್ಲಿ ಒಂದು ನೋಟಿಸ್ ಹಾಕಿ ಕೈ ತೊಳೆದುಕೊಳ್ಳುವುದು. ಒಡಿಯಾ ಲಿಪಿಯೇ ಬೇರೆ. ಜಾರ್ಖಂಡ್‌ನ ಕೆಲವು ಹುಡುಗಿಯರ ಮನೆಮಾತು ಸಂತಾಲಿ. ಮಾತಾಡಿದರೆ ಹಿಂದಿ ತಿಳಿಯಬಹುದು, ಓದಲು ಬರುತ್ತದೆ ಅಂತ ಹೇಳಲಾಗುವುದಿಲ್ಲ. ಸೇರುವಾಗಲೇ ಎರಡು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಿ: ಮನೆಯಲ್ಲಿ ಯಾವ ಮಾತು? ಓದಲು ಬರುವುದು ಯಾವುದು?

ಮಾತು ದಾಟಿಸಲು ಅವರಲ್ಲೇ ಒಬ್ಬ ಹಳಬಳನ್ನ ಆರಿಸಿ. ಹಾಸ್ಟೆಲ್ ವಾರ್ಡನ್‌ನನ್ನಾಗಲಿ ಕರೆತಂದ ಏಜೆಂಟ್‌ನನ್ನಾಗಲಿ ಇದಕ್ಕೆ ಬಳಸಬೇಡಿ. ದೂರು ಇರುವುದು ಅವರ ಮೇಲೆಯೇ ಆಗಿದ್ದರೆ ಅದು ನಿಮ್ಮವರೆಗೆ ಬರುವುದೇ ಇಲ್ಲ. ಭಾಷೆ ದಾಟಿಸುವ ಹುಡುಗಿಗೆ ಆ ಹೊತ್ತಿಗೆ ಟಾರ್ಗೆಟ್ ಕಮ್ಮಿ ಮಾಡಿ. ಅದೂ ಕೆಲಸವೇ.

ಎಲ್ಲರ ಹತ್ತಿರವೂ ಫೋನ್ ಇದೆಯಲ್ಲ, ವಾಟ್ಸಾಪ್ ಗ್ರೂಪ್ ಮಾಡಿದರೆ ಮುಗಿಯಲಿಲ್ವಾ?

ಕೆಲಸದ ಹೊತ್ತಲ್ಲಿ ಫೋನ್ ಲಾಕರ್‌ನಲ್ಲಿರುತ್ತದೆ. ಸಂಜೆ ಮನೆಗೆ ಹೋದರೆ ಅದು ಮಗನ ಕೈಗೆ ಹೋಗುತ್ತದೆ. ನಮ್ಮ ಪಟ್ಟಿಯಲ್ಲಿದ್ದ ಎಷ್ಟೋ ನಂಬರ್‌ಗಳಿಗೆ ಫೋನ್ ಮಾಡಿದರೆ ಎತ್ತುತ್ತಿದ್ದವರು ಗಂಡ, ಇಲ್ಲವೇ ಪಕ್ಕದ ಮನೆಯವರು. ಕರೆನ್ಸಿ ಮುಗಿದರೆ ಆ ವಾರ ನೆಟ್ ಇಲ್ಲ. ಆಫರ್ ಸಿಕ್ಕರೆ ಸಿಮ್ಮೇ ಬದಲು. ಹಾಗಾಗಿ ವಾಟ್ಸಾಪ್ ಎರಡನೇ ದಾರಿ. ಅದೊಂದನ್ನೇ ನಂಬಬೇಡಿ.

ಇನ್ನೊಂದು ವಿಷಯ, ದಯವಿಟ್ಟು ಗಮನ ಕೊಡಿ. ಇನ್ನೂರು ಹೆಂಗಸರನ್ನ ಒಂದು ಗ್ರೂಪಿಗೆ ಸೇರಿಸಿದರೆ ಇನ್ನೂರು ಜನರ ನಂಬರ್ ಗ್ರೂಪಿನ ಎಲ್ಲರಿಗೂ ಸಿಗುತ್ತದೆ. ಮೆಕ್ಯಾನಿಕ್‌ಗೂ ಸಿಗುತ್ತದೆ, ಕೆಲಸ ಬಿಟ್ಟು ಹೋದವನಿಗೂ ಸಿಗುತ್ತದೆ. ರಾತ್ರಿ ಹತ್ತು ಗಂಟೆಗೆ ‘ಹಾಯ್’ ಅಂತ ಮೆಸೇಜ್ ಬಂದರೆ ಮನೆಯಲ್ಲಿ ಪ್ರಶ್ನೆ ಏಳುವುದು ಅವಳ ಮೇಲೆ. ಈ ಕಾರಣಕ್ಕೇ ಒಬ್ಬ ಹುಡುಗಿ ಕೆಲಸ ಬಿಟ್ಟದ್ದನ್ನ ಕಂಡಿದ್ದೇನೆ. ಬ್ರಾಡ್‌ಕಾಸ್ಟ್ ಬಳಸಿದರೆ ನಂಬರ್ ಯಾರಿಗೂ ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ. ಕೆಲಸಕ್ಕೆ ಸೇರಿದ ದಿನವೇ ಅವರ ಎದುರಿಗೆ ಸೇವ್ ಮಾಡಿಸಿ.

ಬರಹಕ್ಕಿಂತ ಧ್ವನಿ ಮೆಸೇಜ್ ಒಳ್ಳೆಯದು. ಮುಕ್ಕಾಲು ನಿಮಿಷ ಮೀರಬಾರದು. ಅವರಿಗೆ ಪರಿಚಯ ಇರುವ ದನಿಯೇ ಆಗಿರಲಿ. ಒಲೆ ಮುಂದೆ ನಿಂತು ಸಾರು ಕುದಿಸುತ್ತಾ ಕೇಳಿಸಿಕೊಳ್ಳುವಂತಿರಬೇಕು. ರಾತ್ರಿ ಎಂಟರ ಮೇಲೆ ಕಳಿಸಬೇಡಿ. ಭಾನುವಾರ, ಬಸ್ಸಿನ ಹೊತ್ತು ಬದಲಾದಂಥ ತುರ್ತು ಬಿಟ್ಟರೆ, ಬೇಡವೇ ಬೇಡ.

ಎಲ್ಲಕ್ಕಿಂತ ಜಾಸ್ತಿ ಜಗಳ ಆಗುವುದು ಸಂಬಳದ ದಿನ. ಏನು ಮಾಡಬೇಕು?

ಪೇಸ್ಲಿಪ್ ಓದಿಸಿ. ನಿಮ್ಮ ಎಲ್ಲ ನೋಟಿಸುಗಳಿಗಿಂತ ಜನ ಮನಸ್ಸಿಟ್ಟು ನೋಡುವ ಕಾಗದ ಅದೊಂದೇ. ಆದರೆ ಅದರ ತುಂಬಾ ಇಂಗ್ಲಿಷ್ ಅಕ್ಷರ, ಇರುವೆ ಸಾಲಿನ ಹಾಗೆ ಅಂಕಿ.

ನಾವು ಒಂದು ಪೇಸ್ಲಿಪ್ಪನ್ನ ಆರು ಅಡಿಯ ಫ್ಲೆಕ್ಸ್ ಮಾಡಿಸಿ ಕ್ಯಾಂಟೀನ್ ಗೋಡೆಗೆ ಹಾಕಿದ್ದೇವೆ. ಪ್ರತಿ ಸಾಲಿನ ಪಕ್ಕ ಕನ್ನಡದಲ್ಲಿ ಬಿಡಿಸಿ ಬರೆದಿದೆ. ಲೆಕ್ಕಕ್ಕೆ 12,000 ರೂಪಾಯಿ ಮೂಲವೇತನ ಮತ್ತು ಡಿಎ (ತುಟ್ಟಿಭತ್ಯೆ) ಇಟ್ಟುಕೊಂಡಿದ್ದೇವೆ. ಅದರಲ್ಲಿ ನೂರಕ್ಕೆ 12ರಂತೆ ಪಿಎಫ್ 1,440. ನೂರಕ್ಕೆ ಮುಕ್ಕಾಲು ರೂಪಾಯಿಯಂತೆ ಇಎಸ್‌ಐ 90. ಕೈಗೆ ಬರುವುದು 10,470. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಕಂಪನಿಯೂ ಪಿಎಫ್ ಕಡೆಗೆ ಅಷ್ಟೇ 1,440 ಮತ್ತು ಇಎಸ್‌ಐಗೆ 390 ಹಾಕುತ್ತದೆ ಅಂತಿದೆ. "ಕಟ್ ಆಗಿದ್ದು ಎಲ್ಲಿ ಹೋಯ್ತು" ಅನ್ನುವ ಪ್ರಶ್ನೆಗೆ ಅದರಲ್ಲೇ ಉತ್ತರ ಇದೆ. ಇಎಸ್‌ಐನಿಂದ ಏನು ಸಿಗುತ್ತದೆ ಅನ್ನುವುದೂ ಅಲ್ಲೇ ಇದೆ: ಅರ್ಹತೆ ಇದ್ದರೆ ಹೆರಿಗೆಗೆ 26 ವಾರ, ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70 ಭಾಗ.

ಸಂಬಳದ ಮಾರನೇ ದಿನ ಊಟದ ನಂತರ ಪೇರೋಲ್ ಹುಡುಗ ರಿಜಿಸ್ಟರ್ ಹಿಡಿದು ಫ್ಲೋರ್‌ನಲ್ಲೇ ಕೂರುತ್ತಾನೆ. ಅವರು ಆಫೀಸಿಗೆ ಬರಬೇಕಿಲ್ಲ. ಆಫೀಸಿಗೆ ಬರಬೇಕೆಂದರೆ ಸೂಪರ್‌ವೈಸರ್ ಹತ್ತಿರ ಕೇಳಬೇಕು, ಗಾಜಿನ ಬಾಗಿಲು ತಳ್ಳಬೇಕು, ಚಪ್ಪಲಿ ಬಿಡಬೇಕೋ ಬೇಡವೋ ಅಂತ ಯೋಚಿಸಬೇಕು. ಅಷ್ಟರಲ್ಲಿ ಅರ್ಧ ಜನ ಹೋಗಲಿ ಬಿಡು ಅಂತ ಸುಮ್ಮನಾಗುತ್ತಾರೆ. ಸುಮ್ಮನಾದದ್ದು ಒಳಗೇ ಕೂತು ಬೆಳೆಯುತ್ತದೆ.

ಬೆಳೆದರೆ ಏನಾಗುತ್ತದೆ ಅನ್ನುವುದನ್ನ 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ನೋಡಿದೆವು. ಐಫೋನ್ ಮಾಡುವ ಕಾರ್ಖಾನೆ. ಪಾಳಿ ಎಂಟು ಗಂಟೆಯಿಂದ ಹನ್ನೆರಡು ಗಂಟೆಗೆ ಹೋಗಿತ್ತು, ಹಾಜರಿ ಮತ್ತು ಸಂಬಳದ ಲೆಕ್ಕ ತಾಳೆ ಆಗುತ್ತಿರಲಿಲ್ಲ. ಗಾಜು ಒಡೆಯಿತು, ಬೆಂಕಿ ಬಿತ್ತು, ನೂರಾರು ಹುಡುಗರ ಮೇಲೆ ಕೇಸಾಯಿತು. ಗಲಾಟೆ ಸರಿ ಅಂತ ನಾನು ಹೇಳುತ್ತಿಲ್ಲ. ನನ್ನ ಸಂಬಳ ಯಾಕೆ ಇಷ್ಟು ಅಂತ ಕೇಳಿದವನಿಗೆ ಕೂತು ಲೆಕ್ಕ ಹೇಳುವವರು ಇರಬೇಕಿತ್ತು.

ಸೂಪರ್‌ವೈಸರ್‌ಗಳೇ ಸರಿಯಾಗಿ ಮಾತಾಡಲ್ಲ. ಅವರ ಮೂಲಕವೇ ಹೇಳಿಸಬೇಕಾ?

ಹೌದು, ಬೇರೆ ದಾರಿ ಇಲ್ಲ. ದಿನಪೂರ್ತಿ ಕೆಲಸಗಾರರ ಜೊತೆ ಇರುವವರು ಸೂಪರ್‌ವೈಸರೇ. ಆದರೆ ಅವರನ್ನೂ ನೋಡಿ. ನಿನ್ನೆವರೆಗೆ ಚೆನ್ನಾಗಿ ಹೊಲಿಯುವ ಟೈಲರ್ ಆಗಿದ್ದರು, ಇವತ್ತು ಅರವತ್ತು ಜನರನ್ನ ನೋಡಿಕೋ ಅಂದೆವು. ಹೇಗೆ ಮಾತಾಡಬೇಕು ಅಂತ ಯಾರೂ ಕಲಿಸಲಿಲ್ಲ. ಮೇಲಿನವರು ಗಂಟೆಗೊಮ್ಮೆ ಬಂದು ಪೀಸ್ ಎಷ್ಟಾಯಿತು ಅಂತ ಅವರ ಮೇಲೆ ಕೂಗುತ್ತಾರೆ, ಅವರು ಕೆಳಗಿನವರ ಮೇಲೆ ಕೂಗುತ್ತಾರೆ. ‘ಏಯ್’, ‘ತಲೆ ಇಲ್ವಾ ನಿಂಗೆ’, ಇದೇ ಭಾಷೆ. ಬೆಳಗ್ಗೆ ಐದು ನಿಮಿಷ ನಯವಾಗಿ ಮಾತಾಡಿ ಆಮೇಲೆ ಎಂಟು ಗಂಟೆ ಹೀಗೆ ಕೂಗಿದರೆ, ಬೆಳಗಿನ ಮಾತನ್ನ ಯಾರು ನಂಬುತ್ತಾರೆ?

ನಮ್ಮ ನಿಯಮ ಸರಳ. ಹೆಸರು ಹಿಡಿದು ಕರೆಯಿರಿ. ದೊಡ್ಡವರಾದರೆ ಅಕ್ಕ, ಅಮ್ಮ, ಬಹುವಚನ. ತಪ್ಪಾಗಿದ್ದರೆ ಪೀಸ್ ಹಿಡಿದು ಅವರ ಮೆಷಿನ್ ಹತ್ತಿರ ಹೋಗಿ ತೋರಿಸಿ. ಲೈನಿನ ಆ ತುದಿಯಿಂದ ಪೀಸ್ ಎಸೆಯಬೇಡಿ. ಸೂಪರ್‌ವೈಸರ್‌ಗಳಿಗೆ ಸುದ್ದಿಯನ್ನ ಹಿಂದಿನ ಸಂಜೆಯೇ ತಿಳಿಸಿ, ಅವರಿಗೆ ಬರುವ ಪ್ರಶ್ನೆಗಳನ್ನ ನೀವೇ ಕೇಳಿ ತಯಾರು ಮಾಡಿ. ಲೈನಿನವರ ಜೊತೆಗೇ ಅವರಿಗೂ ಮೊದಲ ಸಲ ಗೊತ್ತಾದರೆ, ‘ನಂಗೂ ಗೊತ್ತಿಲ್ಲ, ಎಚ್‌ಆರ್ ಕೇಳ್ಕೊಳ್ಳಿ’ ಅಂದುಬಿಡುತ್ತಾರೆ. ಅವರ ತಪ್ಪಲ್ಲ ಅದು.

ಕೆಳಗಿನಿಂದ ಮೇಲಕ್ಕೆ ಸುದ್ದಿ ಬರುವುದೇ ಇಲ್ಲ. ಯಾಕೆ?

ಸೂಜಿಯ ಉದಾಹರಣೆ ಕೊಡುತ್ತೇನೆ. ಮೆಷಿನ್ ಸೂಜಿ ಮುರಿದರೆ ಎಲ್ಲ ಚೂರೂ ಸಿಗಬೇಕು. ಸಿಕ್ಕ ಚೂರುಗಳನ್ನ ಜೋಡಿಸಿ, ಟೇಪ್ ಹಾಕಿ ರಿಜಿಸ್ಟರ್‌ಗೆ ಅಂಟಿಸಿದ ಮೇಲೆ ಹೊಸ ಸೂಜಿ. ಒಂದು ಚೂರು ಸಿಗಲಿಲ್ಲ ಅಂದರೆ ಆ ಮೆಷಿನ್ ಸುತ್ತಲಿನ ಪೀಸ್‌ಗಳನ್ನೆಲ್ಲ ತಪಾಸಣೆ ಮಾಡಬೇಕು, ಕೆಲಸ ನಿಲ್ಲುತ್ತದೆ. ಮಗುವಿನ ಅಂಗಿಯಲ್ಲಿ ಚೂರು ಉಳಿದರೆ ಏನಾಗುತ್ತದೆ ಅಂತ ಯೋಚಿಸಿ. ಈಗ, ಸೂಜಿ ಮುರಿದಾಗ ಬೈಗುಳ ಬೀಳುವ ಲೈನಿನಲ್ಲಿ ಹುಡುಗಿ ಏನು ಮಾಡುತ್ತಾಳೆ? ಮನೆಯಿಂದಲೇ ಒಂದು ಸೂಜಿ ತಂದು ಬ್ಯಾಗಿನಲ್ಲಿಟ್ಟುಕೊಂಡಿರುತ್ತಾಳೆ. ಮುರಿದರೆ ಸದ್ದಿಲ್ಲದೆ ಹಾಕಿಕೊಳ್ಳುತ್ತಾಳೆ. ರಿಜಿಸ್ಟರ್ ಖಾಲಿ ಇರುತ್ತದೆ, ನಾವು ಸೂಜಿಯೇ ಮುರಿಯುತ್ತಿಲ್ಲ ಅಂದುಕೊಳ್ಳುತ್ತೇವೆ. ನಮ್ಮಲ್ಲಿ ಸೂಜಿ ಮುರಿದೆ ಅಂತ ಕೈ ಎತ್ತಿದವರಿಗೆ ಮೊದಲ ಮಾತು "ಬೆರಳಿಗೆ ತಾಗಲಿಲ್ಲ ತಾನೆ?" ಅಂತಲೇ ಇರಬೇಕು. ಆ ಒಂದು ವಾಕ್ಯ ಕಲಿಸಿದ ಮೇಲೆ ರಿಜಿಸ್ಟರ್ ತುಂಬಲು ಶುರುವಾಯಿತು.

ಸುದ್ದಿ ಮೇಲಕ್ಕೆ ಬಂದ ಮೇಲೂ ಕೇಳದೆ ಹೋದರೆ ಅದರ ಬೆಲೆ ಇನ್ನೂ ದೊಡ್ಡದು. ಬಾಂಗ್ಲಾದೇಶದ ಸಾವರ್‌ನಲ್ಲಿ 2013ರ ಏಪ್ರಿಲ್ 24ರಂದು ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾನಾ ಪ್ಲಾಜಾ ಕಟ್ಟಡ ಕುಸಿಯಿತು. 1,100ಕ್ಕೂ ಜಾಸ್ತಿ ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕ್, ಅಂಗಡಿಗಳು ಮುಚ್ಚಿದವು. ಗಾರ್ಮೆಂಟ್ಸ್‌ನವರು ಒಳಗೆ ಹೋಗಲು ಹೆದರಿ ಹೊರಗೆ ನಿಂತಿದ್ದರು. ಅವರನ್ನ ಮಾತ್ರ ಒಳಗೆ ಕಳಿಸಿದರು. ನಮ್ಮದೇ ಕೆಲಸ ಮಾಡುವ ಹೆಣ್ಣುಮಕ್ಕಳು ಅವರು. ಯಾರಾದರೂ ಬಂದು ‘ಮೇಡಂ, ಆ ಬೋರ್ಡಿನಲ್ಲಿ ಕರೆಂಟ್ ವಾಸನೆ ಬರ್ತಿದೆ’ ಅಂದಾಗೆಲ್ಲ ನನಗೆ ಅದು ನೆನಪಾಗುತ್ತದೆ, ಕೈಯಲ್ಲಿದ್ದದ್ದನ್ನ ಬಿಟ್ಟು ಎದ್ದು ಹೋಗುತ್ತೇನೆ.

ದೂರು ಪೆಟ್ಟಿಗೆ ಇಟ್ಟಿದ್ದೇವೆ, ಒಂದು ಚೀಟಿಯೂ ಬರಲ್ಲ.

ನಿಮ್ಮ ಪೆಟ್ಟಿಗೆ ಬಹುಶಃ ಸಿಸಿಟಿವಿ ಕೆಳಗಿದೆ, ಇಲ್ಲವೇ ಎಚ್‌ಆರ್ ಬಾಗಿಲಲ್ಲಿದೆ. ಅದನ್ನ ಹೆಂಗಸರ ಟಾಯ್ಲೆಟ್ ಕಡೆಗೆ ಒಯ್ಯಿರಿ. ಜೊತೆಗೆ ಒಂದು ದಾರಕ್ಕೆ ಪೆನ್ ಕಟ್ಟಿ. ಬೀಗದ ಕೈ ಇಬ್ಬರ ಹತ್ತಿರ ಇರಲಿ, ಒಬ್ಬರು ಕೆಲಸಗಾರರ ಪರವಾದವರು. ವಾರಕ್ಕೊಮ್ಮೆ ತೆಗೆಯಿರಿ, ಶನಿವಾರ ಮೈಕಿನಲ್ಲಿ ಉತ್ತರ ಹೇಳಿ: ಏನು ಕೇಳಿದ್ದರು, ಏನು ಮಾಡಿದೆವು, ಏನು ಆಗಲಿಲ್ಲ, ಯಾಕೆ. ಯಾರು ಬರೆದದ್ದು ಅಂತ ಅಕ್ಷರ ನೋಡಿ ಹುಡುಕಲು ಹೋದರೆ ಅವತ್ತಿಗೇ ಪೆಟ್ಟಿಗೆ ಸತ್ತಿತು.

ಲೈಂಗಿಕ ಕಿರುಕುಳದ ದೂರು ಇದರಲ್ಲಿ ಬಿದ್ದರೆ ಮೈಕಿಗೆ ಹೋಗಬಾರದು, ನೇರ ಆಂತರಿಕ ಸಮಿತಿಗೆ. ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಎಲ್ಲ ಕಡೆ ಸಮಿತಿ ಇರಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಸಮಿತಿಯವರ ಹೆಸರು ಗೋಡೆಯ ಮೇಲಿದ್ದರೆ ಸಾಲದು. ಅವರು ತಿಂಗಳಿಗೊಮ್ಮೆ ಫ್ಲೋರ್‌ನಲ್ಲಿ ಓಡಾಡಬೇಕು, ಮುಖ ಪರಿಚಯ ಇರಬೇಕು.

ನಾವು ಹೇಳುವ ಮುಂಚೆಯೇ ಗಾಳಿ ಸುದ್ದಿ ಹಬ್ಬಿಬಿಡುತ್ತದೆ. ಹೇಗೆ ತಡೆಯುವುದು?

ತಡೆಯಲು ಆಗಲ್ಲ, ಮುಂಚೆ ಹೋಗಬಹುದು ಅಷ್ಟೇ. 2025ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 12 ದಿನ ಮುಟ್ಟಿನ ರಜೆಗೆ ರಾಜ್ಯ ಸಂಪುಟ ಒಪ್ಪಿದ ಸುದ್ದಿ ಸಂಜೆಯೇ ಎಲ್ಲರ ಫೋನಿಗೆ ಬಂತು. ಮಾರನೇ ಬೆಳಗ್ಗೆ ಲೈನಿನಲ್ಲಿ ಕೇಳಿದರು. ಸಂಪುಟ ಒಪ್ಪಿದೆ, ಆದೇಶ ಕೈಗೆ ಬಂದ ದಿನ ಹೇಳುತ್ತೇವೆ ಅಂದೆವು. ಅಷ್ಟು ಸಾಕಾಯಿತು. ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ, ಒಂದು ವರ್ಷ ದುಡಿದರೆ ಎಲ್ಲರಿಗೂ ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಅಂತ ಹಬ್ಬಿತು. ಒಂದು ವರ್ಷದ್ದು ನಿಗದಿತ ಅವಧಿಗೆ ಅಂತ ಸೇರಿದವರಿಗೆ ಮಾತ್ರ, ಉಳಿದವರಿಗೆ ಮೊದಲಿನ ಹಾಗೆ ಐದು ವರ್ಷ. ಅದನ್ನ ಎರಡು ದಿನ ಬಿಡದೆ ಲೈನ್ ಲೈನಿಗೂ ಹೇಳಿದೆವು. ಅದನ್ನ ನಂಬಿ ರಾಜೀನಾಮೆ ಕೊಡಲು ಇಬ್ಬರು ತಯಾರಾಗಿದ್ದರು.

2016 ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಆ ವರ್ಷ ಫೆಬ್ರವರಿ 10ಕ್ಕೆ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ದುಡ್ಡು 58 ವರ್ಷ ಆಗುವವರೆಗೆ ಸಿಗುವುದಿಲ್ಲ ಅಂತಾಯಿತು. ಮಗಳ ಮದುವೆ, ಮಗನ ಫೀಸು, ಕೈಸಾಲ, ಎಲ್ಲಕ್ಕೂ ಅದೇ ದುಡ್ಡು ನಂಬಿದ್ದ ಹೆಂಗಸರು. ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ಸಾವಿರಾರು ಜನ ರಸ್ತೆಗೆ ಇಳಿದರು. 19ರಂದು ಹೊಸೂರು ರಸ್ತೆ, ತುಮಕೂರು ರಸ್ತೆ ಎಲ್ಲ ಬಂದ್. ಅವತ್ತು ಸಂಜೆಯೇ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಮಧ್ಯದ ಎರಡು ತಿಂಗಳಲ್ಲಿ ನಾನಿದ್ದ ಕಡೆ ಒಂದು ಇಂಗ್ಲಿಷ್ ಸುತ್ತೋಲೆ ಅಂಟಿಸಿ ಸುಮ್ಮನಿದ್ದೆವು. ಅವರಿಗೆ ನಿಯಮ ಚೆನ್ನಾಗಿ ಅರ್ಥ ಆಗಿತ್ತು. ಅವರಿಗೆ ಆ ದುಡ್ಡು ಏನು ಅನ್ನುವುದು ನಮಗೆ ಅರ್ಥ ಆಗಿರಲಿಲ್ಲ, ಕೇಳಿದ್ದರೆ ಮಾರ್ಚ್‌ನಲ್ಲೇ ಹೇಳುತ್ತಿದ್ದರು.

ಬೆಂಕಿ, ಅಪಘಾತದ ವಿಷಯ ಹೇಗೆ ತಿಳಿಸಬೇಕು?

ಮಾತಲ್ಲಿ ಅಲ್ಲ, ಕಾಲಲ್ಲಿ. ಮೆಷಿನ್‌ನಿಂದ ಬಾಗಿಲವರೆಗೆ ನಡೆಸಿ. ಹೊಸಬರನ್ನ ಮೊದಲ ದಿನವೇ, ಹೊರರಾಜ್ಯದವರನ್ನ ತಪ್ಪದೆ. ಬಸುರಿಯರು, ಕ್ರೆಶ್‌ನ ಮಕ್ಕಳು ಯಾರ ಜವಾಬ್ದಾರಿ ಅಂತ ಹೆಸರು ಹೇಳಿ ಹಂಚಿರಿ. ಸೈರನ್ ಆದ ಕೂಡಲೇ ಎಲ್ಲ ತಾಯಂದಿರೂ ಕ್ರೆಶ್ ಕಡೆಗೆ ಓಡುತ್ತಾರೆ. ಮಕ್ಕಳನ್ನ ಯಾರು ಎತ್ತಿಕೊಂಡು ಎಲ್ಲಿಗೆ ತರುತ್ತಾರೆ ಅನ್ನುವುದನ್ನ ಅವರಿಗೆ ಕಣ್ಣಾರೆ ತೋರಿಸಿದರೆ ಮಾತ್ರ ಆ ಓಟ ನಿಲ್ಲುತ್ತದೆ.

ಗಾರ್ಮೆಂಟ್ಸ್ ಬಿಟ್ಟು ಬೇರೆ ಕೆಲಸಗಳಿಗೂ ಇದು ನಡೆಯುತ್ತಾ?

ಒಟ್ಟಿಗೆ ಸೇರುವ ಜಾಗ ಹುಡುಕಿ. ಪೌರಕಾರ್ಮಿಕರಿಗೆ ಬೆಳಗಿನ ಹಾಜರಿ ಜಾಗ, ಬಸ್ ಡ್ರೈವರ್‌ಗಳಿಗೆ ಡಿಪೊ. ಅಲ್ಲೂ ಹಾಜರಿ ಆದ ಮೇಲಿನ ಹೊತ್ತೇ ಆಗಲಿ.

ಕೇಳಿದ್ದನ್ನ ಕೊಡಲು ಆಗದಿದ್ದರೆ? ಸುಮ್ಮನಿರುವುದು ವಾಸಿ ಅಲ್ವಾ?

ಬೇಡ, ಆಗಲ್ಲ ಅಂತಲೇ ಹೇಳಿ, ಬೇಗ ಹೇಳಿ. ಎರಡು ವರ್ಷದ ಹಿಂದೆ ಐರನಿಂಗ್‌ನವರು ಫ್ಯಾನ್ ಕೇಳಿದರು. ಸ್ಟೀಮ್ ಐರನ್ ಪಕ್ಕ ನಿಂತು ನೋಡಿ, ಮಾರ್ಚ್ ತಿಂಗಳಲ್ಲಿ ಹತ್ತು ನಿಮಿಷ ನಿಲ್ಲಲು ಆಗುವುದಿಲ್ಲ. ನನ್ನ ಕೈಯಲ್ಲಿ ದುಡ್ಡಿರಲಿಲ್ಲ, ಮೇಲಿನವರು ಮುಂದಿನ ತಿಂಗಳು ನೋಡೋಣ ಅಂದರು. ಎಂದಿನಂತೆ ‘ನೋಡ್ತೀವಿ’ ಅಂದು ಬಿಡಬಹುದಿತ್ತು. ಬೆಳಗಿನ ಮೀಟಿಂಗ್‌ನಲ್ಲಿ ನಿಂತು ಹೇಳಿದೆ: ಕೇಳಿದ್ದೇನೆ, ಈ ತಿಂಗಳು ಆಗಲ್ಲ ಅಂದಿದ್ದಾರೆ, 5ನೇ ತಾರೀಖು ಮತ್ತೆ ಕೇಳಿ 6ರಂದು ಇದೇ ಜಾಗದಲ್ಲಿ ನಿಮಗೆ ಹೇಳುತ್ತೇನೆ. ಯಾರೂ ಏನೂ ಅನ್ನಲಿಲ್ಲ.

6ನೇ ತಾರೀಖು ಹೋದೆ. ಇನ್ನೂ ಆಗಿಲ್ಲ, 20ಕ್ಕೆ ಮತ್ತೆ ಬರುತ್ತೇನೆ ಅಂದೆ. ಮುಗಿಸಿ ಹೊರಟಾಗ ವಯಸ್ಸಾದ ಒಬ್ಬರು ಕೈ ಹಿಡಿದು ನಿಲ್ಲಿಸಿದರು. "ಬಂದ್ಯಲ್ಲವ್ವ, ಸಾಕು. ಬರ್ತೀನಿ ಅಂದೋರು ಯಾರೂ ಬಂದೇ ಇರ್ಲಿಲ್ಲ" ಅಂದರು. ಆಮೇಲೆ, ಸ್ಟೀಮ್ ಪೈಪಿನ ಒಂದು ಜಾಯಿಂಟ್ ಸೋರುತ್ತಿದೆ, ಎರಡು ವಾರದಿಂದ ಬಟ್ಟೆ ಸುತ್ತಿ ಇಟ್ಟಿದ್ದೇವೆ ಅಂತ ತೋರಿಸಿದರು. ಮೆಕ್ಯಾನಿಕ್‌ನನ್ನ ಕರೆಸಿ ಅವತ್ತೇ ಸರಿ ಮಾಡಿಸಿದೆ. ಫ್ಯಾನ್ 22ಕ್ಕೆ ಬಂತು.